ಮಗನಿಗಿಂತ ಚಿಕ್ಕ ಅಮ್ಮ

1968ರ ತಮಿಳು ಚಿತ್ರ ‘ಕುಡಿಯಿರುಂದ ಕೋಯಿಲ್’ನಲ್ಲಿ ಎಂ.ಜಿ.ಆರ್. ಅವರಿಗೆ ಎರಡು ಪಾತ್ರ. ಚಿಕ್ಕಂದಿನಲ್ಲೇ ಬೇರೆಯಾದ ಅಣ್ಣತಮ್ಮಂದಿರು. ಅವರಿಬ್ಬರನ್ನೂ ಹೆತ್ತ ತಾಯಿಯಾಗಿ ನಟಿಸಿದವರು ನಮ್ಮ ಪಂಢರಿಬಾಯಿ. ಎಂ.ಜಿ.ಆರ್. ಹುಟ್ಟಿದ್ದು 1917ರಲ್ಲಿ, ಅಂದರೆ ಆಗ ಅವರಿಗೆ ಐವತ್ತು ದಾಟಿತ್ತು. ತಾಯಿಗೆ ನಲವತ್ತರ ಆಸುಪಾಸು. ಮೇಲುಕೋಟೆಯಲ್ಲಿ ಹುಟ್ಟಿದ ನಾಯಕಿ ಜಯಲಲಿತಾಗೆ ಇಪ್ಪತ್ತು. ತಾಯಿ ಮಗನಿಗಿಂತ ಹತ್ತು ವರ್ಷಕ್ಕೂ ಹೆಚ್ಚು ಚಿಕ್ಕವಳು, ಮಗ ಮೆಚ್ಚಿದ ಹುಡುಗಿ ಅವನಿಗಿಂತ ಮೂವತ್ತು ವರ್ಷ ಚಿಕ್ಕವಳು. ಕಾಗದದ ಮೇಲೆ ಲೆಕ್ಕ ಹಾಕಿದರೆ ನಗು ಬರುತ್ತದೆ. ಸಿನಿಮಾ ನೋಡುವಾಗ ಮಾತ್ರ ಯಾರಿಗೂ ನಗು ಬರುವುದಿಲ್ಲ. ಪಂಢರಿಬಾಯಿ ‘ಮಗನೇ’ ಅಂದರೆ ಎದುರಿಗಿದ್ದವನು ಮಗನೇ ಆಗಿಬಿಡುತ್ತಾನೆ, ಅವನ ವಯಸ್ಸು ಎಷ್ಟೇ ಇರಲಿ.

ಇದನ್ನು ಬರೆಯುತ್ತಿರುವ ನಾನೂ ಈಗ ಆಗಿನ ಪಂಢರಿಬಾಯಿಯ ವಯಸ್ಸಿನ ಹೆಂಗಸು. ತರಕಾರಿ ಅಂಗಡಿಯ ಹುಡುಗ ‘ಅಕ್ಕಾ’ ಬಿಟ್ಟು ‘ಆಂಟಿ’ಗೆ ಬಂದು ಕೆಲವು ಕಾಲವಾಯಿತು. ಅದರ ಮೇಲೆ ನನಗೆ ದೊಡ್ಡ ಸಿಟ್ಟೇನೂ ಇಲ್ಲ. ಆದರೆ ಇದೇ ವಯಸ್ಸಿನಲ್ಲಿ ಒಬ್ಬ ನುರಿತ ನಟಿಯ ತಲೆಗೆ ಬಿಳಿ ಬಳಿದು, ತನಗಿಂತ ಹಿರಿಯನಾದ ಗಂಡಸಿನ ತಲೆ ನೇವರಿಸಲು ಕೂರಿಸಿದರಲ್ಲ, ಅದನ್ನು ಆಕೆ ಹೇಗೆ ಒಪ್ಪಿಕೊಂಡರು, ಒಪ್ಪಿಕೊಂಡು ಅದರೊಳಗೇ ಏನು ಮಾಡಿದರು ಎಂಬ ಕುತೂಹಲ ಹತ್ತಿತು. ಹಾಗಾಗಿ ಅವರ ಸಿನಿಮಾಗಳನ್ನು ಮತ್ತೆ ನೋಡತೊಡಗಿದೆ.

ನಮ್ಮ ತಲೆಮಾರಿನವರು ಪಂಢರಿಬಾಯಿಯವರನ್ನು ನೋಡಿದ್ದೇ ಹಿಂದುಮುಂದಾಗಿ. ನಾವು ಟಿವಿ ಮುಂದೆ ಕೂರುವ ಹೊತ್ತಿಗೆ ಅವರು ಎಲ್ಲರ ಅಮ್ಮನಾಗಿಬಿಟ್ಟಿದ್ದರು. ಭಾನುವಾರ ಸಂಜೆ ದೂರದರ್ಶನದಲ್ಲಿ ಕನ್ನಡ ಸಿನಿಮಾ ಶುರುವಾಗಿ, ಹೆಸರುಗಳ ಪಟ್ಟಿಯಲ್ಲಿ ಅವರ ಹೆಸರು ಬಂದರೆ ಸಾಕು, ಅಜ್ಜಿ ಸೆರಗಿನ ತುದಿ ಹುಡುಕಿಕೊಂಡು ತಯಾರಾಗುತ್ತಿದ್ದಳು. ‘ಇವಳು ಬಂದ್ಲು ಅಂದ್ರೆ ಅಳಿಸ್ದೆ ಬಿಡಲ್ಲ’ ಅನ್ನುವುದು ಅವಳ ಮಾತು. ಅಮ್ಮನಾಗಿ ಮೊದಲು ಕಂಡ ಅವರನ್ನು ನಾಯಕಿಯಾಗಿ ಕಂಡಿದ್ದು ಎಷ್ಟೋ ವರ್ಷಗಳ ಮೇಲೆ. ಬೇಡರ ಕಣ್ಣಪ್ಪನ ಹೆಂಡತಿಯಾಗಿ ತುಂಬುಗೂದಲಿನ ಹುಡುಗಿಯೊಬ್ಬಳು ನಗುತ್ತ ಓಡಿ ಬಂದಾಗ ಇವರು ಯಾರಿರಬಹುದು ಅಂತ ಯೋಚಿಸಬೇಕಾಯಿತು. ಧ್ವನಿ ಕೇಳಿದ ಮೇಲೆ ಗೊತ್ತಾಯಿತು.

ಉತ್ತರ ಕನ್ನಡದ ಭಟ್ಕಳದಲ್ಲಿ ಹುಟ್ಟಿದವರು ಪಂಢರಿಬಾಯಿ. ಮನೆಯಲ್ಲಿ ಹರಿಕಥೆ, ನಾಟಕದ ವಾತಾವರಣ. ತಂಗಿ ಮೈನಾವತಿಯೂ ಮುಂದೆ ಹೆಸರಾಂತ ನಟಿಯಾದರು. ಮಾನಸ್ಥರ ಮನೆಯ ಹೆಣ್ಣುಮಕ್ಕಳು ಬಣ್ಣ ಹಚ್ಚುವುದಿಲ್ಲ ಎಂಬ ಕಾಲ ಅದು. ಹೆಚ್ಚಿನ ನಟಿಯರು ವೃತ್ತಿನಾಟಕ ಕಂಪನಿಗಳಿಂದಲೇ ಬರಬೇಕಿತ್ತು. ಹರಿಕಥೆಯ ಹಿನ್ನೆಲೆಯಿಂದ ಬಂದವರಿಗೆ ಒಂದು ಲಾಭವಿತ್ತು ಅಂತ ನನಗನ್ನಿಸುತ್ತದೆ. ಹರಿಕಥೆಯಲ್ಲಿ ಒಬ್ಬರೇ ನಿಂತು ರಾಜನೂ ಆಗಬೇಕು, ರಾಣಿಯೂ ಆಗಬೇಕು, ನಡುನಡುವೆ ಹೊರಗೆ ಬಂದು ಕೇಳುಗರ ಜೊತೆ ಎರಡು ಮಾತೂ ಆಡಬೇಕು. ಪಾತ್ರ ಬದಲಾದದ್ದು ಗೊತ್ತಾಗಬೇಕಾದರೆ ವೇಷ ಇಲ್ಲ, ಇರುವುದು ಗಂಟಲೊಂದೇ. ಪಂಢರಿಬಾಯಿಯವರ ಮಾತಿನ ಏರಿಳಿತ ಅಲ್ಲಿಂದಲೇ ಬಂದಿರಬೇಕು.

ಮೊದಲ ಸಿನಿಮಾ 1943ರ ‘ವಾಣಿ’. ಪಿಟೀಲು ಚೌಡಯ್ಯನವರು ನಿರ್ಮಿಸಿದ, ಕೆ. ಹಿರಣ್ಣಯ್ಯನವರು ನಿರ್ದೇಶಿಸಿದ ಚಿತ್ರ. ಕನ್ನಡದಲ್ಲಿ ಆಗ ವರ್ಷಕ್ಕೆ ಬೆರಳೆಣಿಕೆಯ ಸಿನಿಮಾ, ಕೆಲವು ವರ್ಷ ಅದೂ ಇಲ್ಲ. ಕೆಲಸ ಬೇಕಾದರೆ ಮದ್ರಾಸಿಗೆ ಹೋಗಬೇಕು. ಸ್ಟುಡಿಯೋ, ಲ್ಯಾಬು, ದುಡ್ಡು ಹಾಕುವವರು ಎಲ್ಲ ಅಲ್ಲಿ. ಪಂಢರಿಬಾಯಿಯೂ ಹೋದರು. ಬದುಕೆಲ್ಲ ಅಲ್ಲೇ ನಿಂತರು.

1952ರಿಂದ 1954ರವರೆಗಿನ ಮೂರು ವರ್ಷಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

1952ರ ದೀಪಾವಳಿಗೆ ‘ಪರಾಶಕ್ತಿ’ ಬಂತು. ಕೃಷ್ಣನ್-ಪಂಜು ನಿರ್ದೇಶನ, ಎಂ. ಕರುಣಾನಿಧಿಯವರ ಸಂಭಾಷಣೆ. ತಮಿಳುನಾಡಿನ ರಾಜಕೀಯವನ್ನೇ ಅಲುಗಿಸಿದ ಚಿತ್ರ. ನಾಯಕನಾಗಿ ಹೊಸ ಮುಖ, ನಾಟಕದಿಂದ ಬಂದ ಶಿವಾಜಿ ಗಣೇಶನ್. ಎಲ್ಲ ಕಳೆದುಕೊಂಡು ಹುಚ್ಚನ ಹಾಗೆ ಬೀದಿ ಅಲೆಯುವ ಹುಡುಗನಿಗೆ, ನಿನ್ನ ಮನೆಯ ದುಃಖವನ್ನಷ್ಟೇ ಯಾಕೆ ನೋಡುತ್ತೀ, ಊರಿನದನ್ನೂ ನೋಡು ಅಂತ ತಿಳಿಹೇಳುವ ವಿದ್ಯಾವಂತೆ ವಿಮಲಾ. ಆ ಪಾತ್ರ ಪಂಢರಿಬಾಯಿಯವರದು. ಮರುವರ್ಷ ಕನ್ನಡದಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಗುಣಸಾಗರಿ’. ಅದರ ಮರುವರ್ಷ, 1954ರಲ್ಲಿ, ಅದೇ ಸಿಂಹ ಅವರ ‘ಬೇಡರ ಕಣ್ಣಪ್ಪ’. ಗುಬ್ಬಿ ಕರ್ನಾಟಕ ಸಂಸ್ಥೆ ಮತ್ತು ಮದ್ರಾಸಿನ ಎ.ವಿ.ಎಂ. ಸ್ಟುಡಿಯೋ ಕೂಡಿ ಮಾಡಿದ ಚಿತ್ರ. ಅಲ್ಲೂ ನಾಯಕ ಹೊಸಬ, ಅಲ್ಲೂ ನಾಟಕದಿಂದ ಬಂದವನು. ಮುತ್ತುರಾಜ್ ಅನ್ನುವ ಹೆಸರು ತೆಗೆದು ರಾಜಕುಮಾರ್ ಅಂತ ಇಟ್ಟಿದ್ದರು.

ಕ್ವಿಜ್ ಕಾರ್ಯಕ್ರಮಗಳಲ್ಲಿ ಕೇಳುತ್ತಾರೆ: ಡಾ. ರಾಜ್ ಅವರ ಮೊದಲ ನಾಯಕಿ ಯಾರು? ಮಕ್ಕಳು ಗುಂಡಿ ಒತ್ತಿ ಉತ್ತರ ಹೇಳುತ್ತಾರೆ. ಪಂಢರಿಬಾಯಿಯವರ ಹೆಸರು ಇವತ್ತು ಉಳಿದಿರುವುದು ಬಹುಮಟ್ಟಿಗೆ ಆ ಒಂದು ಪ್ರಶ್ನೆಯಿಂದ. ನನಗೆ ಕಿರಿಕಿರಿಯಾಗುವುದು ಅಲ್ಲೇ. 1954ರಲ್ಲಿ ನಿಂತು ನೋಡಿದರೆ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು. ಆಗ ಅವರು ‘ವಾಣಿ’ಗೆ ಬಂದು ಹನ್ನೊಂದು ವರ್ಷ ಕಳೆದಿತ್ತು, ತಮಿಳಿನಲ್ಲಿ ದೊಡ್ಡ ಹಿಟ್ ಚಿತ್ರದ ನಾಯಕಿಯಾಗಿದ್ದರು, ಕನ್ನಡದಲ್ಲಿ ಶೀರ್ಷಿಕೆಯ ಪಾತ್ರವನ್ನೇ ಮಾಡಿ ಮುಗಿಸಿದ್ದರು. ಪಂಢರಿಬಾಯಿ ಜೊತೆ ನಟಿಸುತ್ತಿರುವ ಈ ಹೊಸ ಹುಡುಗ ಯಾರು ಅಂತ ಜನ ಕೇಳಿದ್ದರೆ ಅದೇ ಸಹಜ. ಎರಡೇ ವರ್ಷದೊಳಗೆ ದಕ್ಷಿಣದ ಇಬ್ಬರು ಮಹಾನಟರು ಕ್ಯಾಮೆರಾ ಮುಂದೆ ನಾಯಕರಾಗಿ ನಿಂತಾಗ ಎದುರಿಗೆ ನಿಂತವರು ಇದೇ ಹೆಂಗಸು. ಹೊಸಬರು ಎಡವದಂತೆ, ಜಾಗ ತಪ್ಪದಂತೆ, ದೃಶ್ಯ ಕೈಬಿಟ್ಟು ಹೋಗದಂತೆ ನೋಡಿಕೊಳ್ಳುವುದು ಅನುಭವಸ್ಥರ ಕೆಲಸ. ಹಾಗೆ ನೋಡಿಕೊಂಡವರಿಗೆ ಪ್ರಶಸ್ತಿ ಪತ್ರದಲ್ಲಿ ಜಾಗ ಇರುವುದಿಲ್ಲ.

ಅದೇ 1954ರಲ್ಲಿ ಅವರ ಇನ್ನೊಂದು ಸಿನಿಮಾ ಬಂತು, ‘ಅಂದ ನಾಳ್’. ಎ.ವಿ.ಎಂ. ನಿರ್ಮಾಣ, ಎಸ್. ಬಾಲಚಂದರ್ ನಿರ್ದೇಶನ. ಮುಂದೆ ವೀಣಾ ಬಾಲಚಂದರ್ ಅಂತ ಹೆಸರಾದ ಅದೇ ವೈಣಿಕರು. ವಿಚಿತ್ರ ನೋಡಿ, ಸಂಗೀತಗಾರನೇ ನಿರ್ದೇಶಿಸಿದ ಆ ಚಿತ್ರದಲ್ಲಿ ಒಂದು ಹಾಡೂ ಇಲ್ಲ, ಕುಣಿತವೂ ಇಲ್ಲ. ಆ ಕಾಲದ ತಮಿಳು ಸಿನಿಮಾದಲ್ಲಿ ಇದೊಂದು ಹುಚ್ಚು ಸಾಹಸವೇ. ಎರಡನೇ ಮಹಾಯುದ್ಧದ ಹೊತ್ತಿನ ಮದ್ರಾಸು, ಜಪಾನಿನ ಬಾಂಬಿನ ಭಯ. ರೇಡಿಯೋ ಎಂಜಿನಿಯರ್ ಒಬ್ಬ ಗುಂಡೇಟಿಗೆ ಸತ್ತು ಬಿದ್ದಿದ್ದಾನೆ. ಪೊಲೀಸರು ಒಬ್ಬೊಬ್ಬರನ್ನೇ ವಿಚಾರಿಸುತ್ತಾರೆ, ಒಬ್ಬೊಬ್ಬರ ಬಾಯಲ್ಲೂ ಒಂದೊಂದು ಕಥೆ. ಸತ್ತವನು ಶಿವಾಜಿ, ಅವನ ಹೆಂಡತಿ ಪಂಢರಿಬಾಯಿ.

ಎಪ್ಪತ್ತು ವರ್ಷ ಹಳೆಯ ಸಿನಿಮಾ, ಗುಟ್ಟು ಬಿಟ್ಟುಕೊಟ್ಟರೆ ಪಾಪ ಬರಲಾರದು. ದೇಶದ ರಹಸ್ಯವನ್ನು ಶತ್ರುಗಳಿಗೆ ಮಾರಿಕೊಂಡಿದ್ದವನು ಆ ಗಂಡ. ಗುಂಡು ಹಾರಿದ್ದು ಹೆಂಡತಿಯ ಕೈಯಲ್ಲಿದ್ದ ಪಿಸ್ತೂಲಿನಿಂದ. ಕಾಲೇಜಿನ ದಿನಗಳಿಂದ ದೇಶ ಅಂತ ನಂಬಿಕೊಂಡು ಬಂದ ಹುಡುಗಿ, ಅದನ್ನೇ ಮೆಚ್ಚಿಕೊಂಡವನ ಹಾಗೆ ಕಂಡವನನ್ನು ಮದುವೆಯಾದವಳು. ಅವನ ಬಣ್ಣ ಬಯಲಾದಾಗ ಆಕೆಯ ಮುಖದಲ್ಲಿ ಮೊದಲು ಬರುವುದು ಸಿಟ್ಟಲ್ಲ. ಲೆಕ್ಕ ಹಾಕುವವಳ ಮುಖ ಅದು: ಅವತ್ತು ಹೇಳಿದ್ದು ಸುಳ್ಳು, ಆಮೇಲೆ ಹೇಳಿದ್ದೂ ಸುಳ್ಳು ಅಂತ ಹಿಂದಿನ ದಿನಗಳನ್ನೆಲ್ಲ ಒಂದೊಂದಾಗಿ ಮಗುಚಿ ಹಾಕುತ್ತಿರುವ ಹಾಗೆ. ಕಣ್ಣೀರು ಬರುವುದು ಎಷ್ಟೋ ತಡವಾಗಿ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಅಭಿನಯ ಇದೇ. ‘ಅಳಿಸದೆ ಬಿಡಲ್ಲ’ ಅನ್ನುತ್ತಿದ್ದ ಅಜ್ಜಿಗೆ ಇದನ್ನು ತೋರಿಸಲಾಗಲಿಲ್ಲ.

ಅಲ್ಲಿಂದ ಮುಂದಿನ ಹತ್ತು ವರ್ಷ ಅವರು ಕನ್ನಡದಲ್ಲಿ ರಾಜ್ ಜೊತೆ ‘ಸೋದರಿ’, ‘ಹರಿಭಕ್ತ’, ‘ಭಕ್ತ ವಿಜಯ’ ಹೀಗೆ ಸಾಲಾಗಿ ನಟಿಸಿದರು. ತಮ್ಮದೇ ಸಂಸ್ಥೆ ಕಟ್ಟಿ ನಿರ್ಮಾಪಕಿಯೂ ಆದರು. ‘ಸಂತ ಸಖು’ ಮತ್ತು 1957ರ ‘ರಾಯರ ಸೊಸೆ’ ಅವರ ನಿರ್ಮಾಣಗಳು. ಒಂದು ಪಂಢರಪುರಕ್ಕೆ ಹೋಗಬೇಕೆಂದು ಹಂಬಲಿಸಿ ಅತ್ತೆಯಿಂದ ಹೊಡೆಸಿಕೊಳ್ಳುವ ಸೊಸೆಯ ಕಥೆ, ಇನ್ನೊಂದರ ಹೆಸರಲ್ಲೇ ಸೊಸೆ ಇದ್ದಾಳೆ. ತನ್ನ ದುಡ್ಡು ಹಾಕುವಾಗ ಆಕೆ ಆರಿಸಿದ್ದು ಇಂಥ ಕಥೆಗಳನ್ನು. ಸಹನೆಯ ಪಾತ್ರಗಳಿಗೆ ಯಾರೋ ಆಕೆಯನ್ನು ದೂಡಿದರು ಅಂತ ಪೂರಾ ಹೇಳುವ ಹಾಗಿಲ್ಲ. ಯಾವುದು ನಡೆಯುತ್ತದೆ, ತನ್ನನ್ನು ಜನ ಯಾವುದರಲ್ಲಿ ನೋಡಲು ಬರುತ್ತಾರೆ ಅಂತ ಆಕೆಗೆ ಚೆನ್ನಾಗಿ ಗೊತ್ತಿತ್ತು. ವ್ಯಾಪಾರ ಗೊತ್ತಿದ್ದ ಹೆಂಗಸು. 1959ರ ‘ಅಬ್ಬಾ ಆ ಹುಡುಗಿ’ಯಲ್ಲಿ ಗಂಡಸರನ್ನು ಕಂಡರೆ ಉರಿದುಬೀಳುವ ತುಂಟಿಯ ಪಾತ್ರ ತಂಗಿ ಮೈನಾವತಿಗೆ ಹೋಯಿತು. ಅದರಲ್ಲಿ ಪಂಢರಿಬಾಯಿಯೂ ಇದ್ದಾರೆ, ಶಾಂತವಾಗಿ, ಪಕ್ಕದಲ್ಲಿ.

1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’. ರಾಜ್ ಹರಿಶ್ಚಂದ್ರ, ಪಂಢರಿಬಾಯಿ ಚಂದ್ರಮತಿ. ವಿಶ್ವಾಮಿತ್ರನಾಗಿ ಉದಯಕುಮಾರ್, ನಕ್ಷತ್ರಿಕನಾಗಿ ನರಸಿಂಹರಾಜು, ವೀರಬಾಹುವಾಗಿ ಎಂ.ಪಿ. ಶಂಕರ್. ಈ ಸಿನಿಮಾದ ಬಗ್ಗೆ ಮಾತು ಬಂದರೆ ಎಲ್ಲರೂ ಹೇಳುವುದು ವೀರಬಾಹುವಿನ ಹಾಡು, ನಕ್ಷತ್ರಿಕನ ಕಾಟ, ರಾಜ್ ಅವರ ಸ್ಮಶಾನದ ಅಭಿನಯ. ಚಂದ್ರಮತಿಯ ಬಗ್ಗೆ ಹೇಳುವವರು ಕಡಿಮೆ. ಆದರೆ ಯೋಚಿಸಿ, ಆ ಕಥೆಯಲ್ಲಿ ಮಾತು ಕೊಟ್ಟವನು ಒಬ್ಬ, ಮಾರಾಟವಾದವಳು ಇನ್ನೊಬ್ಬಳು. ಹರಿಶ್ಚಂದ್ರನಿಗೆ ತನ್ನ ಸತ್ಯ ಇದೆ, ಅದು ಅವನ ಕೈಹಿಡಿದು ನಡೆಸುತ್ತದೆ. ಚಂದ್ರಮತಿ ಕೊಟ್ಟ ಮಾತು ಯಾವುದೂ ಇಲ್ಲ. ಆದರೂ ಕಾಶಿಯ ಬೀದಿಯಲ್ಲಿ ಹರಾಜಾಗುವುದು, ಮನೆಗೆಲಸ ಮಾಡುವುದು, ಹಾವು ಕಚ್ಚಿ ಸತ್ತ ಮಗನ ಹೆಣ ಹೊತ್ತು ಕತ್ತಲಲ್ಲಿ ಸ್ಮಶಾನಕ್ಕೆ ಬರುವುದು ಅವಳೇ. ಅಲ್ಲಿ ಸುಡಲು ಸುಂಕ ಕೊಡು ಅಂತ ಕೇಳುವವನು ಗಂಡ.

ಆ ದೃಶ್ಯವನ್ನು ನಾಟಕದವರು ಎಷ್ಟು ಎತ್ತರದ ದನಿಯಲ್ಲಿ ಆಡುತ್ತಿದ್ದರು ಅಂತ ಹಳಬರನ್ನು ಕೇಳಿದರೆ ಗೊತ್ತಾಗುತ್ತದೆ. ಪಂಢರಿಬಾಯಿ ಕೂಗುವುದಿಲ್ಲ ಅಂತಲ್ಲ, ಕೂಗುತ್ತಾರೆ. ಆದರೆ ಸುಂಕ ಕೇಳುವವನಿಗೆ ಉತ್ತರಿಸುವಾಗ ಅವರ ದನಿ ದಣಿದಿದೆ. ಅಳು ಮುಗಿದ ಮೇಲೆ ಉಳಿಯುವ ದನಿ ಅದು. ಸಂಜೆ ನೀರು ಹೊತ್ತು ತಂದವಳು ಹೊಸಿಲ ಮೇಲೆ ಕೂತು ಮಾತಾಡುವ ಹಾಗೆ, ಉಸಿರು ಹಿಡಿದು ಹಿಡಿದು. ದೇಹಕ್ಕೆ ಆದ ದಣಿವನ್ನು ದುಃಖದ ಜೊತೆ ಸೇರಿಸಿ ಆಡುವುದು ಸುಲಭವಲ್ಲ. ದುಃಖವನ್ನು ಮಾತ್ರ ಆಡುವವರು ಬಹಳ ಜನ.

ಆಗ ರಾಜ್, ಪಂಢರಿಬಾಯಿ ಇಬ್ಬರ ವಯಸ್ಸೂ ಹೆಚ್ಚುಕಡಿಮೆ ಒಂದೇ, ಮೂವತ್ತರ ನಡು ದಾಟಿದ್ದು. ಅಲ್ಲಿಗೆ ಇಬ್ಬರ ದಾರಿ ಕವಲೊಡೆಯಿತು. 1968ರಲ್ಲಿ ರಾಜ್ ‘ಜೇಡರ ಬಲೆ’ಯಲ್ಲಿ ಸೂಟು ಹಾಕಿ ಗೂಢಚಾರ ಸಿಐಡಿ 999 ಆದರು, ಎದುರಿಗೆ ಜಯಂತಿ. ಹೊಸ ಕಾಲಕ್ಕೆ ಹೊಸ ನಾಯಕ ಬೇಕಾದಾಗ ಹಳೆಯ ನಾಯಕನಿಗೇ ಹೊಸ ಬಟ್ಟೆ ಹೊಲಿಸಿದರು. ನಾಯಕಿಗೆ ಹಾಗೆ ಹೊಲಿಸಲಿಲ್ಲ. 1967ರಲ್ಲಿ ಪುಟ್ಟಣ್ಣ ಕಣಗಾಲ್ ‘ಬೆಳ್ಳಿ ಮೋಡ’ ಮಾಡಿದಾಗ ಪಂಢರಿಬಾಯಿ ಕಲ್ಪನಾಳ ತಾಯಿ. ಚಂದ್ರಮತಿಯಾಗಿ ಎರಡೇ ವರ್ಷ ಕಳೆದಿತ್ತು.

ಇದು ಅವರೊಬ್ಬರ ಕಥೆಯಲ್ಲ. ‘ಸಂಸಾರ ನೌಕೆ’ಯ ನಾಯಕಿ, ಕನ್ನಡದಲ್ಲಿ ಸಿನಿಮಾ ನಿರ್ಮಿಸಿದ ಮೊದಲ ಹೆಂಗಸರಲ್ಲೊಬ್ಬರಾದ ಎಂ.ವಿ. ರಾಜಮ್ಮ ‘ಕರ್ಣನ್’ನಲ್ಲಿ ಶಿವಾಜಿಗೆ ಕುಂತಿಯಾದರು. ‘ಗೆಜ್ಜೆ ಪೂಜೆ’ಯಲ್ಲಿ ಕಲ್ಪನಾಳ ತಾಯಿಯಾದ ಲೀಲಾವತಿ ಕಲ್ಪನಾಗಿಂತ ಐದಾರೇ ವರ್ಷ ದೊಡ್ಡವರು.

ಆದರೆ ‘ಬೆಳ್ಳಿ ಮೋಡ’ದ ಹತ್ತಿರ ನಾನು ಇನ್ನೊಂದು ಕ್ಷಣ ನಿಲ್ಲಬೇಕು. ನಮ್ಮ ಸಿನಿಮಾದ ಅಮ್ಮಂದಿರಿಗೆ ಸಾಮಾನ್ಯವಾಗಿ ಮೈ ಇರುವುದಿಲ್ಲ. ಕೆಮ್ಮು ಇರುತ್ತದೆ, ಕಣ್ಣಿನ ಪೊರೆ ಇರುತ್ತದೆ, ಹೊಲಿಗೆ ಮಿಷನ್ ತುಳಿಯುವ ಕಾಲಿರುತ್ತದೆ, ಕೊನೆಗೆ ಆಸ್ಪತ್ರೆಯ ಮಂಚ ಇರುತ್ತದೆ. ಗಂಡನ ಜೊತೆ ಬಾಳುವ, ಆಸೆ ಇರುವ ಹೆಂಗಸು ಅವಳು ಅಂತ ಯಾರಿಗೂ ನೆನಪಿರುವುದಿಲ್ಲ. ಈ ಚಿತ್ರಕ್ಕೆ ಆಧಾರವಾದ ತ್ರಿವೇಣಿಯವರ ಕಾದಂಬರಿಯಲ್ಲಿ ಮಾತ್ರ ಹಾಗಲ್ಲ. ಅಲ್ಲಿ ಕಥೆಯ ತಿರುವು ನಿಂತಿರುವುದೇ ತಾಯಿಯ ಬಸಿರಿನ ಮೇಲೆ. ಎಸ್ಟೇಟಿನ ಒಡೆಯನ ಒಬ್ಬಳೇ ಮಗಳು, ಮದುವೆ ಗೊತ್ತಾಗಿದೆ, ಹುಡುಗನ ವಿದೇಶದ ಓದಿಗೆ ಮಾವನದೇ ದುಡ್ಡು. ಅಷ್ಟರಲ್ಲಿ ಮಗಳ ಮದುವೆಯ ವಯಸ್ಸಿಗೆ ತಾಯಿ ಗರ್ಭಿಣಿಯಾಗುತ್ತಾಳೆ. ಗಂಡು ಮಗು ಹೆತ್ತು ತೀರಿಕೊಳ್ಳುತ್ತಾಳೆ. ಆಸ್ತಿಗೆ ವಾರಸುದಾರ ಬಂದನೆಂದು ತಿಳಿದ ಹುಡುಗ ಮದುವೆಗೆ ಬೆನ್ನು ತಿರುಗಿಸುತ್ತಾನೆ.

ಸಂತೋಷ, ಸಂಕೋಚ ಎರಡೂ ಒಟ್ಟಿಗೆ ಇರುವ ಪಾತ್ರ ಅದು. ಬೆಳೆದ ಮಗಳ ಕಣ್ಣು ತಪ್ಪಿಸಬೇಕು, ಹಾಗಂತ ಒಳಗಿನ ಹಿಗ್ಗನ್ನೂ ಮುಚ್ಚಿಡಲಾಗದು. ಪಂಢರಿಬಾಯಿ ಮತ್ತು ಕೆ.ಎಸ್. ಅಶ್ವತ್ಥ್ ಆ ಮನೆಯ ಗಂಡಹೆಂಡಿರಾಗಿ ಒಬ್ಬರನ್ನೊಬ್ಬರು ನೋಡುವ ರೀತಿಯಲ್ಲಿ ವರ್ಷಗಟ್ಟಲೆ ಒಟ್ಟಿಗೆ ಬಾಳಿದವರ ಸಲಿಗೆ ಇದೆ. ಆಕೆಗೆ ಅಲ್ಲಿ ಸಿಕ್ಕಿದ್ದು ಸ್ವಲ್ಪವೇ ಹೊತ್ತು. ಆದರೂ ಮುಂದೆ ಕಲ್ಪನಾ ಆ ಮಗುವನ್ನು ಎತ್ತಿಕೊಂಡಾಗಲೆಲ್ಲ ಇಲ್ಲದ ತಾಯಿ ನೆನಪಾಗುತ್ತಾಳೆ. ಇಡೀ ಚಿತ್ರ ಕಲ್ಪನಾರದು, ಅದರಲ್ಲಿ ಎರಡು ಮಾತಿಲ್ಲ. ಅಡಿಪಾಯ ಮಾತ್ರ ಹಾಕಿಹೋದವರು ಇವರು.

ಇಂಥ ಪಾತ್ರ ಅಪರೂಪ. ಉಳಿದದ್ದು ಬಹುಪಾಲು ಕಣ್ಣೀರಿನ ಕಾರ್ಖಾನೆ. ಅದನ್ನು ಸುಳ್ಳು ಹೊಗಳಿಕೆಯಿಂದ ಮುಚ್ಚುವುದು ನನಗಿಷ್ಟವಿಲ್ಲ. ಎಷ್ಟೋ ಸಿನಿಮಾಗಳಲ್ಲಿ ಬರೆದವರು ಆಕೆಗೆ ಏನೂ ಕೊಟ್ಟಿಲ್ಲ. ದೇವರ ಪಟದ ಮುಂದೆ ದೀಪ ಹಚ್ಚುವುದು, ಮಗ ಬಂದನೆ ಅಂತ ಬಾಗಿಲು ನೋಡುವುದು, ಖಳನ ಕೈಯಲ್ಲಿ ತಳ್ಳಿಸಿಕೊಂಡು ಬೀಳುವುದು, ಇಷ್ಟೇ. ಅದರಲ್ಲೂ ಆಕೆ ಬಿಡಿಗಾಸು ಉಳಿಸುತ್ತಿದ್ದರು. ಬೈಯಬೇಕಾದಲ್ಲಿ ದನಿ ಏರಿಸುವ ಬದಲು ಮಾತು ನಿಲ್ಲಿಸಿಬಿಡುವುದು ಅವರ ಅಭ್ಯಾಸ. ಎದುರಿನವನು ತಲೆ ತಗ್ಗಿಸುವವರೆಗೆ ಕಾಯುತ್ತಾರೆ. ನಮ್ಮ ಮನೆಗಳ ಹಿರಿಯರೂ ಬೈಯುತ್ತಿದ್ದುದು ಹಾಗೆಯೇ. ಅದಕ್ಕೇ ನೋಡುವವರಿಗೆ ಅದು ನಟನೆ ಅನ್ನಿಸಲೇ ಇಲ್ಲ. ‘ಅವಳೇನು ಆಕ್ಟ್ ಮಾಡ್ತಾಳೆ, ಅವಳಿರೋದೇ ಹಂಗೆ’ ಎನ್ನುವುದು ಅಜ್ಜಿಯ ತೀರ್ಪು. ಮೆಚ್ಚುಗೆಯ ಮಾತೇ ಅದು. ನಟಿಗೆ ಮಾತ್ರ ಆ ಮೆಚ್ಚುಗೆಯಿಂದ ನಷ್ಟ. ನಾಯಕ ಅತ್ತರೆ ಅಭಿನಯ, ಅಮ್ಮ ಅತ್ತರೆ ಸ್ವಭಾವ!

1969ರ ‘ದೈವ ಮಗನ್’ ನೋಡಿದರೆ ಸ್ವಭಾವದ ಮಾತು ನಿಲ್ಲುವುದಿಲ್ಲ. ಶಿವಾಜಿ ಅದರಲ್ಲಿ ತಂದೆ ಮತ್ತು ಇಬ್ಬರು ಗಂಡುಮಕ್ಕಳಾಗಿ ಮೂರು ಪಾತ್ರ ಮಾಡಿದ್ದಾರೆ. ಭಾರತದಿಂದ ಆಸ್ಕರ್‌ಗೆ ಕಳಿಸಿದ ಮೊದಲ ತಮಿಳು ಚಿತ್ರ. ಮೂರು ಪಾತ್ರದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಪಂಢರಿಬಾಯಿ ಅದರಲ್ಲಿ ಒಬ್ಬ ಶಿವಾಜಿಗೆ ಹೆಂಡತಿ, ಇಬ್ಬರು ಶಿವಾಜಿಗೆ ತಾಯಿ. ತಮ್ಮದೇ ವಯಸ್ಸಿನ, ಹದಿನೇಳು ವರ್ಷದ ಹಿಂದೆ ತಮ್ಮೆದುರು ಮೊದಲ ಬಾರಿ ನಾಯಕನಾಗಿ ನಿಂತ ಅದೇ ಮುಖವನ್ನು ಒಂದು ದೃಶ್ಯದಲ್ಲಿ ಗಂಡನಂತೆ, ಮುಂದಿನ ದೃಶ್ಯದಲ್ಲಿ ಮಗನಂತೆ ನೋಡಬೇಕು. ಶಿವಾಜಿಗೆ ಮೂರು ಮೇಕಪ್ಪು, ಮೂರು ನಡಿಗೆ, ಮೂರು ದನಿಯ ಸಹಾಯವಿತ್ತು. ಇವರಿಗೆ ಇದ್ದದ್ದು ನೋಟ ಬದಲಿಸುವ ಕಸುಬೊಂದೇ. ಅದು ತಪ್ಪಿದ್ದರೆ ಶಿವಾಜಿಯ ಮೂರೂ ಪಾತ್ರ ನೆಲಕ್ಕೆ ಬೀಳುತ್ತಿದ್ದವು.

1973ರ ‘ಗೌರವಂ’ನಲ್ಲಿ ಮತ್ತೆ ಶಿವಾಜಿಗೆ ಹೆಂಡತಿ. ಅಲ್ಲಿ ಅವರು ಹಿರಿಯ ಬ್ಯಾರಿಸ್ಟರ್, ಅವರಿಗೂ ನರೆ ಬಳಿದಿದ್ದರು. ಗಂಡಸಿಗೆ ನರೆ ಬಂದರೆ ಇವರು ಹೆಂಡತಿ, ಬಾರದಿದ್ದರೆ ಇವರು ತಾಯಿ. ಚಿತ್ರರಂಗದ ಕಾನೂನು ಇಷ್ಟು ಸರಳವಾಗಿತ್ತು.

ಇನ್ನು ರಾಜ್. 1986ರ ‘ಅನುರಾಗ ಅರಳಿತು’. ಎಂ.ಎಸ್. ರಾಜಶೇಖರ್ ನಿರ್ದೇಶನ, ಎಚ್.ಜಿ. ರಾಧಾದೇವಿಯವರ ಕಾದಂಬರಿ. ಸೊಕ್ಕಿನ ಕಾರ್ಖಾನೆ ಒಡತಿ ಮಾಧವಿ, ಬಗ್ಗದ ಕೆಲಸಗಾರ ರಾಜ್, ಕಾಯಿಲೆಯ ತಾಯಿ ಪಂಢರಿಬಾಯಿ. ‘ಬೇಡರ ಕಣ್ಣಪ್ಪ’ ತೆರೆಕಂಡಾಗ ಮಾಧವಿ ಇನ್ನೂ ಹುಟ್ಟಿರಲಿಲ್ಲ. ಮೂವತ್ತೆರಡು ವರ್ಷದಲ್ಲಿ ನಾಯಕ ನಾಯಕನಾಗಿಯೇ ಉಳಿದ, ಅವನ ಮೊದಲ ನಾಯಕಿ ಅವನಿಂದ ಔಷಧಿ ಕುಡಿಸಿಕೊಳ್ಳುವ ತಾಯಿಯಾದಳು. ನನಗೆ ಇದರಿಂದ ಬೇಸರವಾಗಬೇಕಿತ್ತು, ಲೆಕ್ಕ ಹಾಕಿದಾಗ ಆಯಿತು ಕೂಡ. ಆದರೆ ಸಿನಿಮಾ ನೋಡುವಾಗ ಬೇರೇನೋ ಕಂಡಿತು. ಆ ಇಬ್ಬರ ನಡುವಿನ ದೃಶ್ಯಗಳಲ್ಲಿ ಅವಸರವೇ ಇಲ್ಲ. ಒಬ್ಬರ ಮಾತು ಎಲ್ಲಿ ಮುಗಿಯುತ್ತದೆ, ಇನ್ನೊಬ್ಬರು ಎಲ್ಲಿ ಎತ್ತಿಕೊಳ್ಳಬೇಕು ಅಂತ ಇಬ್ಬರಿಗೂ ಮೊದಲೇ ಗೊತ್ತಿರುವ ಹಾಗಿದೆ. ಮಾಧವಿ ಎದುರು ರಾಜ್ ಗತ್ತಿನಿಂದ ನಿಲ್ಲುತ್ತಾರೆ, ಗೆಲ್ಲುತ್ತಾರೆ. ಪಂಢರಿಬಾಯಿ ಎದುರು ಅವರಿಗೆ ಗೆಲ್ಲಬೇಕಾದದ್ದು ಏನೂ ಇಲ್ಲ.

ಆ ಕಥೆಯನ್ನೇ ಆರು ವರ್ಷದ ಮೇಲೆ ತಮಿಳಿನಲ್ಲಿ ‘ಮನ್ನನ್’ ಅಂತ ಮಾಡಿದರು. ನಾಯಕ ರಜನಿಕಾಂತ್, ನಾಯಕಿ ವಿಜಯಶಾಂತಿ. ತಾಯಿಯ ಪಾತ್ರಕ್ಕೆ ಮತ್ತೆ ಇವರೇ. ನಾಯಕ, ನಾಯಕಿ ಎಲ್ಲ ಬದಲಾದರೂ ತಾಯಿಗೆ ಬದಲಿ ಸಿಗಲಿಲ್ಲ. ಅಮ್ಮನ ಮೇಲಿನ ಅದರ ಹಾಡು ತಮಿಳುನಾಡಿನಲ್ಲಿ ಇವತ್ತಿಗೂ ಮದುವೆಮನೆಗಳಲ್ಲಿ, ಆಟೋಗಳಲ್ಲಿ ಕೇಳುತ್ತದೆ. ಆ ಹಾಡಿನಲ್ಲಿ ರಜನಿ ಸೇವೆ ಮಾಡುವ ಅಮ್ಮ ಭಟ್ಕಳದವರು ಅಂತ ಅಲ್ಲಿನವರಿಗೆ ಹೇಳಿದರೆ ಹುಬ್ಬೇರಿಸುತ್ತಾರೆ. ನನ್ನ ಚೆನ್ನೈನ ಸಹೋದ್ಯೋಗಿಯೊಬ್ಬರು ಒಪ್ಪಲೇ ಇಲ್ಲ, ‘ಅವರು ನಮ್ಮವರು’ ಅಂದರು. ವಾದ ಮಾಡಿ ಪ್ರಯೋಜನವಿರಲಿಲ್ಲ. ಐವತ್ತು ವರ್ಷ ಅಲ್ಲೇ ಇದ್ದು, ಅಲ್ಲಿನ ಮೂರು ತಲೆಮಾರಿನ ನಾಯಕರಿಗೆ ತುತ್ತು ತಿನ್ನಿಸಿದವರು. ಅವರದೂ ಹಕ್ಕಿದೆ.

2003ರ ಜನವರಿ 29ರಂದು ಪಂಢರಿಬಾಯಿ ಚೆನ್ನೈನಲ್ಲಿ ತೀರಿಕೊಂಡರು. ಅವರ ಕಾಲದ ಎಷ್ಟೋ ನಾಯಕಿಯರು ಐದಾರು ವರ್ಷ ಮಿಂಚಿ, ಮದುವೆಯಾಗಿಯೋ ಅವಕಾಶ ತಪ್ಪಿಯೋ ತೆರೆಯಿಂದ ಮರೆಯಾದರು. ಇವರು ಐವತ್ತು ವರ್ಷ ದುಡಿದರು. ಬಿಳಿಕೂದಲಿಗೆ ಒಪ್ಪಿಕೊಂಡದ್ದಕ್ಕೆ ಸಿಕ್ಕ ಪ್ರತಿಫಲ ಅದು ಅಂತಲೂ ಹೇಳಬಹುದು. ಅನ್ಯಾಯ ಆಗಲಿಲ್ಲ ಅಂತ ಇದರರ್ಥವಲ್ಲ. ‘ಅಂದ ನಾಳ್’ನಲ್ಲಿ ಪಿಸ್ತೂಲು ಹಿಡಿದ ಆ ಹೆಂಗಸಿಗೆ ನಲವತ್ತೈದಾದಾಗ, ಐವತ್ತಾದಾಗ ಎಂಥೆಂಥ ಪಾತ್ರ ಬರೆಯಬಹುದಿತ್ತು! ಯಾರೂ ಬರೆಯಲಿಲ್ಲ. ಆಕೆ ಕೆಲಸ ಬಿಡಲೂ ಇಲ್ಲ.

ನೋಡಬೇಕು ಅನ್ನಿಸಿದವರಿಗೆ ನನ್ನ ಸಲಹೆ: ನಾವು ನೋಡಿದ ಹಾಗೆ ಕೊನೆಯಿಂದ ಮೊದಲಿಗೆ ನೋಡಬೇಡಿ. ‘ಅಂದ ನಾಳ್’ನಿಂದ ಶುರು ಮಾಡಿ, ಹುಡುಕಿದರೆ ಸಿಗುತ್ತದೆ. ತಮಿಳು ಅರ್ಧಂಬರ್ಧ ಬಂದರೂ ಸಾಕು, ಹಾಡಿಲ್ಲದ ಕಾರಣ ಬೇಗ ಓಡುತ್ತದೆ. ಆಮೇಲೆ ‘ಬೇಡರ ಕಣ್ಣಪ್ಪ’, ಆಮೇಲೆ ‘ಸತ್ಯ ಹರಿಶ್ಚಂದ್ರ’. ಅದಕ್ಕೆ 2008ರಲ್ಲಿ ಬಣ್ಣ ತುಂಬಿದ ಪ್ರತಿಯೂ ಇದೆ, ಆದರೆ ಕಪ್ಪುಬಿಳುಪಿನದನ್ನೇ ಹುಡುಕಿಕೊಳ್ಳಿ. ಬಣ್ಣದಲ್ಲಿ ಸ್ಮಶಾನ ಸೆಟ್ಟಿನ ಹಾಗೆ ಕಾಣುತ್ತದೆ.